ಮೆಟ್ಟಿಲ ಮೇಲಿನ ಒಂಟಿ ಶೂ

ಎರಡನೇ ತರಗತಿಯ ಮಕ್ಕಳಿಗೆ ಚಿತ್ರಪುಸ್ತಕ ಓದಿ ಹೇಳಿ, ‘ಈಗ ನೀವೊಂದು ಕಥೆ ಬರೀರಿ’ ಅಂದಾಗಲೆಲ್ಲ ನಾನು ಓದಿದ ಕಥೆಯೇ ನನಗೆ ವಾಪಸು ಬರುತ್ತಿತ್ತು. ಕರಡಿಯ ಜಾಗದಲ್ಲಿ ಹುಲಿ ಇರುತ್ತಿತ್ತು, ಅಷ್ಟೆ. ತಪ್ಪು ಮಕ್ಕಳದ್ದಲ್ಲ. ಮುಗಿದ ಕಥೆಯನ್ನು ಕೈಗಿಟ್ಟರೆ ಅವರು ಸೇರಿಸುವುದಕ್ಕೆ ಜಾಗವಾದರೂ ಎಲ್ಲಿರುತ್ತದೆ?

ಮಕ್ಕಳ ಚಿತ್ರಪುಸ್ತಕಗಳನ್ನು ಬರೆದು ಬಿಡಿಸುವ ಅಮೆರಿಕದ ಕ್ರಿಸ್ ವ್ಯಾನ್ ಆಲ್ಸ್‌ಬರ್ಗ್ 1984ರಲ್ಲಿ ತಂದ ಒಂದು ಪುಸ್ತಕದಲ್ಲಿ 14 ಚಿತ್ರಗಳಿವೆ. ಪ್ರತಿಯೊಂದಕ್ಕೂ ಒಂದು ಹೆಸರು, ಒಂದು ಪುಟ್ಟ ಒಕ್ಕಣೆ. ಕಥೆ ಮಾತ್ರ ಇಲ್ಲ. ಅದನ್ನು ನೋಡಿದ ಮೇಲೆ ನನಗೆ ಧೈರ್ಯ ಬಂತು. ಅಕ್ಷರವೇ ಇಲ್ಲದ 32 ಪುಟಗಳ ಒಂದು ಚಿತ್ರಪುಸ್ತಕ ಆರಿಸಿ, 18ನೇ ಪುಟದಿಂದಾಚೆಗೆ ಎಲ್ಲವನ್ನೂ ಕ್ಲಿಪ್ ಹಾಕಿ ಮುಚ್ಚಿ ತರಗತಿಗೆ ಹೋದೆ.

ಕೊನೆಗೆ ತೆರೆದಿಟ್ಟ ಚಿತ್ರದಲ್ಲಿ ರಾತ್ರಿ. ಖಾಲಿ ಮೆಟ್ಟಿಲುಗಳು. ನಡುವಿನ ಮೆಟ್ಟಿಲ ಮೇಲೆ ಒಂದೇ ಒಂದು ಶೂ.

“ಏನೇನು ಕಾಣಿಸ್ತಿದೆ?” ಅಂದೆ. ಮೆಟ್ಟಿಲು, ಶೂ, ಕಿಟಕಿ, ಚಂದ್ರ... ಪಟ್ಟಿ ಬೆಳೆಯಿತು, ಕಥೆ ಹುಟ್ಟಲಿಲ್ಲ. ಪ್ರಶ್ನೆ ಬದಲಾಯಿಸಿದೆ: “ಈ ಚಿತ್ರಕ್ಕಿಂತ ಒಂದು ನಿಮಿಷ ಮುಂಚೆ ಇಲ್ಲಿ ಏನಾಯ್ತು?”

ಯಾರೂ ಮಾತಾಡಲಿಲ್ಲ. ಆ ಮೌನ ತುಂಬಲು ನನ್ನ ನಾಲಿಗೆ ತುರಿಸುತ್ತಿತ್ತು, ತಡೆದುಕೊಂಡೆ. ಆಗ ಹಿಂದಿನ ಸಾಲಿನ ಹುಡುಗನೊಬ್ಬ ಎದ್ದು ನಿಂತ. ಬರೆಯಿರಿ ಅಂದರೆ ಪೆನ್ಸಿಲ್ ಚೂಪು ಮಾಡುತ್ತಲೇ ಪೀರಿಯಡ್ ಕಳೆಯುವವನು.

“ಶೂ ಓಡಿಹೋಗ್ತಿತ್ತು ಮಿಸ್. ಕಾಲು ಹಿಂದೇನೇ ಉಳ್ಕೊಂಡ್ತು.”

ತರಗತಿಯೇ ಎದ್ದು ಚಿತ್ರದ ಹತ್ತಿರ ಬಂತು. ಯಾರ ಕಾಲು? ಯಾಕೆ ಓಡ್ತು? ನಾನು ಅವನ ಪಕ್ಕ ಕೂತು, “ನೀನು ಹೇಳು, ನಾನು ಬರ್ಕೋತೀನಿ” ಅಂದೆ. ಅಭ್ಯಾಸಬಲ, ‘ಕಾಲು ಹಿಂದೆಯೇ ಉಳಿದುಕೊಂಡಿತು’ ಎಂದು ಬರೆದು ಓದಿ ಹೇಳಿದೆ. ಅವನ ಮುಖ ಸಪ್ಪಗಾಯಿತು. “ನಾನು ಹಾಗೆ ಹೇಳಿಲ್ಲ ಮಿಸ್.”

ಆ ಮಾತು ನನಗೆ ನಾಟಿತು. ಮಕ್ಕಳ ಬಾಯಲ್ಲಿ ಒಂದು ಕನ್ನಡ, ಪಾಠಪುಸ್ತಕದಲ್ಲಿ ಇನ್ನೊಂದು. ಬರೆಯುವುದೆಂದರೆ ಆ ಇನ್ನೊಂದರಲ್ಲೇ ಬರೆಯಬೇಕು ಎಂದು ನಾವೇ ಹೆದರಿಸಿಟ್ಟಿದ್ದೇವೆ. ಗ್ರಂಥಸ್ಥ ಕನ್ನಡ ಬೇಡ ಅನ್ನುತ್ತಿಲ್ಲ. ಅದು ನಿಧಾನವಾಗಿ ಬರಲಿ. ಏಳು ವರ್ಷದ ಮಗುವಿನ ಮೊದಲ ಕಥೆ ಅದರ ಬಾಯಿಯ ಮಾತಿನಲ್ಲೇ ಇರಬೇಕು. ಅಳಿಸಿ, ಅವನು ಹೇಳಿದಂತೆಯೇ ಬರೆದೆ. ತನ್ನ ಸಾಲಿನ ಮೇಲೆ ಬೆರಳಿಟ್ಟು ಎರಡು ಸಲ ಓದಿದ.

ಉಳಿದವರು ಅಷ್ಟರಲ್ಲಿ ಶುರು ಮಾಡಿದ್ದರು. ಒಬ್ಬಳು ಬರೆಯುವ ಮೊದಲು ಮುಂದಿನ ಪುಟದ ಚಿತ್ರವನ್ನೇ ಬಿಡಿಸಿದಳು. ಬರೆಯಲು ಬೇಕಾದ ಮಾತು ಅವಳಿಗೆ ಚಿತ್ರದೊಳಗಿಂದ ಸಿಕ್ಕಿತು. ಒತ್ತಕ್ಷರ ತಪ್ಪಿದವು, ಮಹಾಪ್ರಾಣಗಳು ಎಲ್ಲೆಲ್ಲೋ ಹೋದವು. ಕೆಂಪು ಪೆನ್ನನ್ನು ನಾನು ಅವತ್ತು ತೆಗೆಯಲೇ ಇಲ್ಲ.

ಕ್ಲಿಪ್ ತೆಗೆದು ಕೊನೆಯ ಪುಟಗಳನ್ನು ತೋರಿಸಿದಾಗ ಮಕ್ಕಳು ಕುತೂಹಲದಿಂದ ನೋಡಿದರು, ಆದರೆ ಒಪ್ಪಲಿಲ್ಲ. “ನಮ್ಮದೇ ಚೆನ್ನಾಗಿದೆ” ಅಂದರು. ಕೆಲವರದು ನಿಜಕ್ಕೂ ಚೆನ್ನಾಗಿತ್ತು.

ಮಾರನೆಯ ದಿನ ಆ ಹುಡುಗ ಬಂದು, “ಇನ್ನೊಂದು ಸಾಲಿದೆ, ಬರ್ಕೊಳ್ಳಿ” ಅಂದ. ನಾನು ಪೆನ್ಸಿಲನ್ನು ಅವನ ಕಡೆ ಚಾಚಿದೆ. ಸ್ವಲ್ಪ ಯೋಚಿಸಿ ತೆಗೆದುಕೊಂಡ. ‘ಕಾಲು’ ಎಂದು ತಾನೇ ಬರೆದು, ಉಳಿದದ್ದನ್ನು ನನಗೆ ಹೇಳಿದ.