ಮೆಕ್ಕೆಜೋಳದ ಅರಮನೆ, ಪುಕ್ಸಟ್ಟೆ ಐಸ್ ನೀರು

ದಾವಣಗೆರೆ ಕಡೆಯ ಹೆಂಗಸನ್ನು ಮೆಕ್ಕೆಜೋಳ ತೋರಿಸಲು ಅಮೆರಿಕಕ್ಕೆ ಕರೆಸಿಕೊಂಡವನು ನಾನೊಬ್ಬನೇ ಇರಬೇಕು. ಮಿನಿಯಾಪೊಲಿಸ್ ಬಿಟ್ಟು ಮೂರು ಗಂಟೆಯಾದರೂ ಕಿಟಕಿಯ ಎರಡೂ ಕಡೆ ಅದೇ ಬೆಳೆ. ಆಗಸ್ಟ್ ತಿಂಗಳು, ಸೂಲಂಗಿ ಬಿಟ್ಟು ತೆನೆ ಕಟ್ಟುವ ಹೊತ್ತು. ಹಿಂದಿನ ಸೀಟಿನಲ್ಲಿ ಅಮ್ಮ ಹೊಲದಲ್ಲಿ ಜನರನ್ನು ಹುಡುಕುತ್ತಿದ್ದಳು. "ಒಬ್ರೂ ಕಾಣಲ್ವಲ್ಲೋ. ಕಳೆ ಯಾರು ತೆಗೀತಾರೆ?"

ಔಷಧಿ ಹೊಡೀತಾರೆ ಅಂದೆ. ಈ ಜೋಳ ಹೆಚ್ಚಾಗಿ ದನಗಳ ಮೇವಿಗೆ ಮತ್ತು ಕಾರಿಗೆ ಹಾಕುವ ಎಥನಾಲ್‌ಗೆ ಹೋಗುತ್ತೆ ಅಂತಲೂ ಹೇಳಿದೆ. "ನಮ್ದು ಕೋಳಿಗೆ ಹೋಗುತ್ತೆ, ಇವರದ್ದು ಕಾರಿಗೆ" ಅಂದಳು. ಅಲ್ಲಿಗೆ ಆ ಮಾತು ಮುಗಿಯಿತು.

ನಾವು ಹೊರಟಿದ್ದು ಸೌತ್ ಡಕೋಟಾ ರಾಜ್ಯದ ಮೇಲೆ ಹಾದು ಹೋಗುವ ಐ-90 ಹೆದ್ದಾರಿಯಲ್ಲಿ. ವಿಸ್ತಾರದಲ್ಲಿ ಈ ರಾಜ್ಯ ನಮ್ಮ ಕರ್ನಾಟಕಕ್ಕಿಂತ ಸ್ವಲ್ಪ ದೊಡ್ಡದು. 2020ರ ಜನಗಣತಿಯಲ್ಲಿ ಸಿಕ್ಕ ಜನ ಮಾತ್ರ ಒಂಬತ್ತು ಲಕ್ಷಕ್ಕೂ ಕಡಿಮೆ. ರಸ್ತೆ ನೂಲು ಹಿಡಿದಂತೆ ನೇರ. ಗಂಟೆಗೆ 80 ಮೈಲಿ ವೇಗಕ್ಕೆ ಅನುಮತಿ ಇದೆ, ಅಂದರೆ 128 ಕಿಲೋಮೀಟರ್ ಹತ್ತಿರ. ಇಷ್ಟು ಬಯಲಿನಲ್ಲಿ ಹೋಗುವ ಕಾರನ್ನು ನಿಲ್ಲಿಸಬೇಕು ಅಂದರೆ ಊರಿನವರು ಏನಾದರೂ ಚಮತ್ಕಾರ ಮಾಡಲೇಬೇಕು, ಅಲ್ವಾ?

ಮಿಚೆಲ್ ಊರಿನವರು ಮಾಡಿದ್ದು ಕಾರ್ನ್ ಪ್ಯಾಲೇಸ್, ಮೆಕ್ಕೆಜೋಳದ ಅರಮನೆ. ಮೊದಲನೆಯದನ್ನು ಕಟ್ಟಿದ್ದು 1892ರಲ್ಲಿ. ಇಲ್ಲಿಯ ಮಣ್ಣು ಒಳ್ಳೆಯದು, ಬಂದು ಒಕ್ಕಲು ಮಾಡಿ ಎಂದು ಜನರನ್ನು ಕರೆಯುವುದು ಉದ್ದೇಶ. ಈಗಿರುವ ಕಟ್ಟಡ 1921ರದು. ಮೇಲೆ ಈರುಳ್ಳಿ ಆಕಾರದ ಗುಂಬಜುಗಳು. ಗೋಡೆಯ ತುಂಬಾ ದೊಡ್ಡ ದೊಡ್ಡ ಚಿತ್ರ. ಬಣ್ಣ ಬಳಿದಿಲ್ಲ, ಕೆಂಪು, ಕಪ್ಪು, ಹಳದಿ, ಬಿಳಿ ತೆನೆಗಳನ್ನೇ ಉದ್ದಕ್ಕೆ ಸೀಳಿ ಮೊಳೆ ಹೊಡೆದಿದ್ದಾರೆ. ಅವೆಲ್ಲ ಬೆಳೆದ ಬಣ್ಣವೇ. ಚಿತ್ರಗಳನ್ನು ಕಿತ್ತು ಹೊಸದಾಗಿ ಮಾಡುವುದೂ ಇದೆ.

ಅಮ್ಮ ಹತ್ತಿರ ಹೋಗಿ ಒಂದು ತೆನೆಯ ಕಾಳು ಒತ್ತಿ ನೋಡಿದಳು. "ತಿನ್ನೋ ಕಾಳಿಗೆ ಮೊಳೆ ಹೊಡೀತಾರಾ?" ಅಷ್ಟರಲ್ಲಿ ಮೇಲೊಂದು ಗುಬ್ಬಚ್ಚಿ ಬಂದು ಕೂತು ಕುಕ್ಕತೊಡಗಿತು. ಮಗ ಚಪ್ಪಾಳೆ ತಟ್ಟಿ ಓಡಿಸಲು ನೋಡಿದ. "ಬಿಡೋ, ಅದಾದ್ರೂ ತಿನ್ಲಿ" ಅಂದಳು. ಒಳಗೆ ರಾಜನ ಆಸನ ಇರುತ್ತೆ ಅಂದುಕೊಂಡಿದ್ದಳೇನೋ. ಇದ್ದದ್ದು ಬಾಸ್ಕೆಟ್‌ಬಾಲ್ ಅಂಗಳ.

ಚೇಂಬರ್ಲೇನ್ ಹತ್ತಿರ ಮಿಸೌರಿ ನದಿಯ ಮೇಲಿನ ದಿಬ್ಬದಲ್ಲಿ ವಿಶ್ರಾಂತಿ ತಾಣ ಇದೆ. ಅಲ್ಲಿ ಡಿಗ್ನಿಟಿ ಎಂಬ 50 ಅಡಿ ಎತ್ತರದ ಪ್ರತಿಮೆ ನಿಂತಿದೆ. ಇಲ್ಲಿಯ ಮೂಲನಿವಾಸಿ ಹೆಂಗಸೊಬ್ಬಳು ಕೌದಿಯನ್ನು ಹೆಗಲಿಗೆ ಹೊದ್ದುಕೊಳ್ಳುತ್ತಿರುವ ಹಾಗೆ. 2016ರಲ್ಲಿ ನಿಲ್ಲಿಸಿದ್ದು, ಸ್ಟೀಲಿನದು. ಕೌದಿಯ ನೀಲಿ ತುಂಡುಗಳು ಗಾಳಿಗೆ ಅಲುಗುತ್ತವೆ. ಅದರ ಬುಡದಲ್ಲಿ ಕೂತು ನರ್ಗೀಸ್ ಮಂಡಕ್ಕಿಯ ಡಬ್ಬಿ ತೆಗೆದೆವು. ಹೆಂಡತಿ ಬುದ್ಧಿವಂತೆ, ಎರಡು ಡಬ್ಬಿ ಕಟ್ಟಿದ್ದಳು. ಮಾಂಸ ತಿನ್ನದವರಿಗೆ ಈ ದಾರಿಯ ಹೋಟೆಲುಗಳಲ್ಲಿ ತರಕಾರಿ ಅಂದರೆ ಆಲೂಗಡ್ಡೆ ಅಷ್ಟೇ.

ನದಿ ದಾಟಿದರೆ ಬೇರೆಯೇ ಲೋಕ. ಇಲ್ಲಿಯವರು ಪೂರ್ವಕ್ಕೆ ಈಸ್ಟ್ ರಿವರ್, ಪಶ್ಚಿಮಕ್ಕೆ ವೆಸ್ಟ್ ರಿವರ್ ಎಂದೇ ಹೆಸರಿಟ್ಟಿದ್ದಾರೆ. ನಕ್ಷೆ ನೋಡದೆಯೇ ಅಮ್ಮ ಅದನ್ನು ಹಿಡಿದಳು. "ಮಳೆ ಇಲ್ಲಿ ಕಡಿಮೆ ಕಣೋ. ಜೋಳ ನಿಂತೋಯ್ತು ನೋಡು." ಹೌದು, ಬರೀ ಹುಲ್ಲುಗಾವಲು. ಅಲ್ಲೊಂದು ಇಲ್ಲೊಂದು ಕರಿ ದನ. ಮರ್ಡೋ ದಾಟಿದ ಮೇಲೆ ಗಡಿಯಾರ ಒಂದು ಗಂಟೆ ಹಿಂದಕ್ಕೆ ಹೋಯಿತು. ಅದೇ ಸುಮಾರಿಗೆ ಪೆಟ್ರೋಲ್ ದೀಪವೂ ಹತ್ತಿಕೊಂಡಿತು. ತಪ್ಪು ನನ್ನದೇ. ಮುಂದಿನ ಬಂಕ್ ಸಿಗುವವರೆಗೂ ಎಸಿ ಆರಿಸಿ, ಯಾರೂ ಮಾತಾಡದೆ ಕೂತಿದ್ದೆವು.

ಬ್ಯಾಡ್‌ಲ್ಯಾಂಡ್ಸ್ ಬಗ್ಗೆ ಎಷ್ಟು ಬರೆದರೂ ಸಾಲದು, ಅದಕ್ಕೇ ಕಡಿಮೆ ಬರೆಯುತ್ತೇನೆ. ಇಲ್ಲಿಯ ಮೂಲನಿವಾಸಿಗಳಾದ ಲಕೋಟಾ ಜನ ಇದನ್ನು ಕೆಟ್ಟ ನೆಲ ಎಂದೇ ಕರೆದರು. ಹುಲ್ಲು ಇದ್ದಕ್ಕಿದ್ದಂತೆ ಮುಗಿದು ನೆಲ ಬಾಯಿ ಬಿಡುತ್ತದೆ. ಪದರ ಪದರವಾಗಿ ಗುಲಾಬಿ, ಬೂದು, ಹಳದಿ ಗುಡ್ಡಗಳು. ವರ್ಷಕ್ಕೆ ಸುಮಾರು ಒಂದು ಇಂಚಿನಷ್ಟು ಕೊಚ್ಚಿಹೋಗುತ್ತವಂತೆ. ಅಮ್ಮ ಬಗ್ಗಿ ಚಿಟಿಕೆ ಮಣ್ಣು ಉಜ್ಜಿ ನೋಡಿ, "ಇದ್ರಲ್ಲಿ ಎಳ್ಳೂ ಬರಲ್ಲ" ಅಂದಳು.

ಕೊನೆಗೆ ವಾಲ್ ಎಂಬ ಪುಟ್ಟ ಊರು. ನೂರಾರು ಮೈಲಿ ಹಿಂದಿನಿಂದಲೂ ಬೇಲಿ ಪಕ್ಕದ ಹಲಗೆಗಳು ವಾಲ್ ಡ್ರಗ್, ವಾಲ್ ಡ್ರಗ್ ಎಂದು ಕರೆಯುತ್ತಲೇ ಇದ್ದವು. ಡ್ರಗ್ ಅಂದರೆ ಔಷಧಿ ಅಂಗಡಿ. ಟೆಡ್ ಹಸ್ಟೆಡ್ ಇದನ್ನು ಕೊಂಡಿದ್ದು 1931ರಲ್ಲಿ, ಜಗತ್ತೇ ದುಡ್ಡಿಲ್ಲದೆ ಕೂತಿದ್ದ ಕಾಲ. ಐದು ವರ್ಷ ಗಿರಾಕಿಗಳೇ ಇಲ್ಲ. 1936ರ ಬೇಸಿಗೆಯ ಒಂದು ಮಧ್ಯಾಹ್ನ ಹೆಂಡತಿ ಡೊರೊಥಿ ಮಲಗಲು ಹೋದರೆ ಹೆದ್ದಾರಿಯ ಕಾರುಗಳ ಸದ್ದಿಗೆ ನಿದ್ದೆ ಬರಲಿಲ್ಲ. ಧಗೆಯಲ್ಲಿ ಬರುವ ಇವರಿಗೆಲ್ಲ ಬೇಕಾದ್ದು ತಣ್ಣೀರು ಅನ್ನಿಸಿತು. ಉಚಿತ ಐಸ್ ನೀರು ಎಂದು ದಾರಿಯಲ್ಲಿ ಹಲಗೆ ನೆಟ್ಟರು. ಜನ ಮುಗಿಬಿದ್ದರು.

ಕಥೆ ಕೇಳಿ ಅಮ್ಮನ ಮುಖ ಅರಳಿತು. "ಅರವಟ್ಟಿಗೆ!"

ಈಗಲೂ ನೀರು ಪುಕ್ಸಟ್ಟೆಯೇ. ಕಾಫಿಗೆ ಐದು ಸೆಂಟ್. ಅಮ್ಮ ಎರಡು ಲೋಟ ಗಟಗಟ ಕುಡಿದಳು. ಆದರೆ ಮಗನ ಕೈಗೆ ಕೊಂಬಿರುವ ಮೊಲದ ಗೊಂಬೆ ಬಂದಿತ್ತು, ಹೆಂಡತಿ ಕೈಗೆ ಬುಟ್ಟಿ, ನನ್ನ ಕೈಗೆ ನಾಲ್ಕು ಡೋನಟ್.

"ನೀರಿಗೆ ಬಿಲ್ಲು ಎಷ್ಟಾಯ್ತು?" ಅಂತ ಕೇಳಿದಳು ಅಮ್ಮ.

ಅರವತ್ತೆಂಟು ಡಾಲರ್ ಅಂದೆ. ಒಂದು ಕ್ಷಣ ಸುಮ್ನೆ ನಿಂತಳು. ಆಮೇಲೆ ಕಾರಿನಲ್ಲಿದ್ದ ಖಾಲಿ ಬಾಟಲಿಗಳನ್ನೆಲ್ಲ ಸೆರಗಿನಲ್ಲಿ ಕಟ್ಟಿಕೊಂಡು ನಲ್ಲಿಯ ಕಡೆ ನಡೆದಳು.