ಅಡಿಕೆ ಸುಲಿದ ಎರಡು ರಾತ್ರಿ

ಹೆಡ್‌ಮಾಸ್ಟರು ಫೋನ್ ಮಾಡಿದಾಗ ಹೇಳಿದ್ದು ಇಷ್ಟೇ. "ಸಿಸ್ಟರ್, ಒಂಬತ್ತು, ಹತ್ತನೇ ಕ್ಲಾಸಿನ ಮಕ್ಕಳು. ಒಂದು ತಾಸು ಮಾತಾಡಿ. ಚೆನ್ನಾಗಿ ಹೆದರಿಸಿಬಿಡಿ."

ನಾನೂ ಹೆದರಿಸೋದಕ್ಕೇ ತಯಾರಾಗಿದ್ದೆ. ಶಿವಮೊಗ್ಗದ ಆಸ್ಪತ್ರೆಯೊಂದರ ಮನೋರೋಗ ವಿಭಾಗದಲ್ಲಿ ನಾನು ನರ್ಸ್. ಕೆಲಸಕ್ಕೆ ಸೇರಿ 17 ವರ್ಷ ಆಯ್ತು. ಹಿಂದಿನ ರಾತ್ರಿ ಕೂತು ಲ್ಯಾಪ್‌ಟಾಪಿನಲ್ಲಿ ಚಿತ್ರಗಳನ್ನು ಜೋಡಿಸಿದ್ದೆ. ಹುಳುಕು ಹಿಡಿದು ಮುರಿದ ಹಲ್ಲು. ಕೆರೆದು ಕೆರೆದು ಹುಣ್ಣಾದ ಕೆನ್ನೆ. ಮೆಥಾಂಫೆಟಮಿನ್ ಅನ್ನೋ ಉದ್ದ ಹೆಸರಿನ, ಚಿಕ್ಕದಾಗಿ ಮೆಥ್ ಅನ್ನೋ ಈ ವಿಷ ಮನುಷ್ಯನನ್ನು ಏನು ಮಾಡುತ್ತೆ ಅಂತ ತೋರಿಸೋದಕ್ಕೆ ಅಷ್ಟು ಸಾಕು ಅಂದುಕೊಂಡಿದ್ದೆ.

ಅವತ್ತು ಜೂನ್ 26, ಮಾದಕ ವಸ್ತು ವಿರೋಧಿ ದಿನ. ಆಯನೂರು ದಾಟಿದ ಮೇಲೆ ಮಳೆ ಹಿಡಿಯಿತು. ರಿಪ್ಪನ್‌ಪೇಟೆ ಹೊತ್ತಿಗೆ ಬಸ್ಸಿನ ಕಿಟಕಿಯಾಚೆ ಏನೂ ಕಾಣಿಸುತ್ತಿರಲಿಲ್ಲ. ಹೊಸನಗರ ತಾಲ್ಲೂಕಿನ ಆ ಹೈಸ್ಕೂಲಿಗೆ ತಲುಪಿದಾಗ ಹೆಡ್‌ಮಾಸ್ಟರು ಕೊಡೆ ಹಿಡಿದು ಗೇಟಿನ ಹತ್ತಿರ ಬಂದರು. "ನಿನ್ನೆ ರಾತ್ರಿಯಿಂದ ಕರೆಂಟಿಲ್ಲ ಸಿಸ್ಟರ್. ಲೈನ್ ಮೇಲೆ ಮರ ಬಿದ್ದಿದೆ. ನಿಮ್ಮ ಚಿತ್ರ ತೋರಿಸೋಕೆ ಆಗಲ್ಲ."

ಜಗಲಿಯ ಉದ್ದಕ್ಕೂ ಬಿಚ್ಚಿಟ್ಟ ಕೊಡೆಗಳು ನೀರು ಸುರಿಸ್ತಾ ಇದ್ದವು. ಒಳಗೆ 60 ಮಕ್ಕಳು, ಒದ್ದೆ ಯೂನಿಫಾರ್ಮಿನ ವಾಸನೆ. ಶೀಟಿನ ಮಾಡಿನ ಮೇಲೆ ಮಳೆ ಬೀಳೋ ಸದ್ದಿಗೆ ನನ್ನ ಮಾತು ಮೂರನೇ ಬೆಂಚಿಗೂ ಮುಟ್ಟುತ್ತಿರಲಿಲ್ಲ. ಬೆಂಚು ಎಳೆದುಕೊಂಡು ಹತ್ತಿರ ಬನ್ನಿ ಅಂದೆ. ಕೆಲವರು ನೆಲದ ಮೇಲೇ ಕೂತರು. ಭಾಷಣ ಮಾಡುವಷ್ಟು ದೂರ ನಮ್ಮ ನಡುವೆ ಉಳಿಯಲಿಲ್ಲ. ನೀವೇನು ಕೇಳಿದ್ದೀರಿ ಅಂತ ಅವರನ್ನೇ ಕೇಳಿದೆ.

ಮೊದಲು ಯಾರೂ ಬಾಯಿ ಬಿಡಲಿಲ್ಲ. ಆಮೇಲೆ ಒಂದೊಂದಾಗಿ ಬಂತು. ಐಸ್. ಕ್ರಿಸ್ಟಲ್. ಇವೆರಡೂ ಮೆಥ್‌ನ ಅಡ್ಡಹೆಸರುಗಳೇ. ಆಮೇಲೆ ಎಂಡಿಎಂಎ ಅನ್ನೋ ಇನ್ನೊಂದು ಮಾದಕ ವಸ್ತು. ಟೀವಿ ನ್ಯೂಸಲ್ಲಿ ನೋಡಿದ್ದು, ರೀಲ್ಸಲ್ಲಿ ನೋಡಿದ್ದು. "ಎಂಡಿಎಂಎನೂ ಮೆಥೂ ಒಂದೇನಾ ಸಿಸ್ಟರ್?" ಅಂತ ಒಬ್ಬ ಕೇಳಿದ. ಒಂದೇ ಅಲ್ಲ, ದಾಯಾದಿಗಳು ಅಂದೆ. ಪೊಟ್ಟಣದಲ್ಲಿರೋದು ಯಾವುದು, ಎಷ್ಟು, ಅದಕ್ಕೆ ಏನು ಬೆರೆಸಿದ್ದಾರೆ ಅನ್ನೋದು ತಗೊಳ್ಳೋನಿಗೆ ಗೊತ್ತಿರಲ್ಲ. ಮಾರೋನಿಗೂ ಎಷ್ಟೋ ಸಲ ಗೊತ್ತಿರಲ್ಲ.

ಶಾಲೆ ಗೇಟಿನ ಹತ್ತಿರ ಸ್ಟ್ರಾಬೆರಿ ಚಾಕೊಲೇಟಿನಲ್ಲಿ ಡ್ರಗ್ಸ್ ಬೆರೆಸಿ ಕೊಡ್ತಾರಂತೆ ಅಂತ ಒಬ್ಬಳು ಹುಡುಗಿ ಹೇಳಿದಳು. ಆ ವಾಟ್ಸ್ಆ್ಯಪ್ ಮೆಸೇಜು ವರ್ಷಗಳಿಂದ ಓಡಾಡುತ್ತಲೇ ಇದೆ. ಅದು ನನಗೆ ಬೇಜಾರು ತರಿಸುತ್ತೆ. ಅದರಿಂದ ಮಕ್ಕಳು ಕಾಯೋದು ಗುರುತಿಲ್ಲದ ಯಾರನ್ನೋ. ನಮ್ಮ ವಾರ್ಡಿಗೆ ಬಂದ ಯಾವ ಹುಡುಗನಿಗೂ ಗುರುತಿಲ್ಲದವರು ಕೊಟ್ಟಿದ್ದಲ್ಲ. ರೂಮ್‌ಮೇಟು, ಸೀನಿಯರ್, ಸ್ವಂತ ದೊಡ್ಡಪ್ಪನ ಮಗ. ಅದೂ ಮೊದಲ ಸಲ ದುಡ್ಡಿಲ್ಲದೆ, ಪ್ರೀತಿಯಿಂದ.

ಆಗ ಹಿಂದಿನ ಸಾಲಿನಿಂದ ಒಂದು ಪ್ರಶ್ನೆ. "ತಗೊಂಡ್ರೆ ಎಂತ ಆಗುತ್ತೆ ಸಿಸ್ಟರ್? ಖುಷಿ ಆಗುತ್ತಾ?"

ಎಲ್ಲ ನಕ್ಕರು. ಬಾಗಿಲ ಬಳಿ ನಿಂತಿದ್ದ ಮೇಷ್ಟ್ರು "ಏಯ್" ಅಂದರು.

ನಾನು "ಹೌದು, ಆಗುತ್ತೆ" ಅಂದೆ.

ನಗು ನಿಂತಿತು. ಮೇಷ್ಟ್ರ ಮುಖದಲ್ಲಿ ಗಾಬರಿ ಕಂಡಿತು. ಆದರೆ ಆ ಪ್ರಶ್ನೆಗೆ ಸುಳ್ಳು ಹೇಳಬಾರದು ಅಂತ ನನಗೆ ಗಟ್ಟಿಯಾಗಿ ಅನ್ನಿಸಿತ್ತು. ಮೊದಲ ದಿನವೇ ಹಲ್ಲು ಉದುರುತ್ತೆ, ಹುಚ್ಚು ಹಿಡಿಯುತ್ತೆ ಅಂತ ನಾವು ಹೇಳಿ ಕಳಿಸ್ತೀವಿ. ನಾಳೆ ಹಾಸ್ಟೆಲಿನಲ್ಲಿ ಗೆಳೆಯನೊಬ್ಬ ತಗೊಳ್ತಾನೆ. ಅವನಿಗೆ ಅಂಥದ್ದೇನೂ ಆಗಲ್ಲ. ಬೆಳಿಗ್ಗೆ ನಗ್ತಾ ಕ್ಲಾಸಿಗೆ ಬರ್ತಾನೆ. ಆ ಗಳಿಗೆಗೆ ನಾವು ಹೇಳಿದ ಎಲ್ಲ ಮಾತೂ ಸುಳ್ಳಾಗಿಬಿಡುತ್ತೆ, ಅಲ್ವಾ?

"ನಿಮ್ಮಲ್ಲಿ ಎಷ್ಟು ಜನರ ಮನೆಯಲ್ಲಿ ತೋಟ ಇದೆ?" ಅಂತ ಕೇಳಿದೆ. ಮುಕ್ಕಾಲು ಪಾಲು ಕೈ ಮೇಲೆದ್ದವು. ತೋಟದ ಮೇಲುಗಡೆ ಕೆರೆ ಇರುತ್ತೆ. ಬೇಸಿಗೆಯಲ್ಲಿ ಅಪ್ಪ ತೂಬು ಎಷ್ಟು ಎತ್ತುತ್ತಾರೆ? "ಸ್ವಲ್ಪ," ಅಂದರು. ಮಿದುಳಿನಲ್ಲೂ ಹಾಗೇ, ಡೋಪಮಿನ್ ಅನ್ನೋದು ಅಳತೆಯಲ್ಲಿ ಹರಿಯುತ್ತೆ. ಹಸಿವಾದಾಗ ಊಟ ಮಾಡಿದರೆ ಸ್ವಲ್ಪ, ಕಬಡ್ಡಿ ಗೆದ್ದರೆ ಇನ್ನು ಸ್ವಲ್ಪ. ಈ ಮೆಥ್ ಬಂದು ತೂಬನ್ನೇ ಕಿತ್ತುಹಾಕುತ್ತೆ. ಇದ್ದಬದ್ದ ನೀರೆಲ್ಲ ಒಂದೇ ರಾತ್ರಿಗೆ ತೋಟಕ್ಕೆ ನುಗ್ಗುತ್ತೆ. ಹೊರಗೆ ಹೋದ ನೀರನ್ನು ಮಿದುಳು ಮಾಮೂಲಿನಂತೆ ವಾಪಸ್ ಎಳೆದುಕೊಳ್ಳೋದಕ್ಕೂ ಬಿಡಲ್ಲ. ಆ ರಾತ್ರಿ ತೋಟ ತುಂಬಿ ತುಳುಕುತ್ತೆ, ನಿಜ.

"ಮಾರನೇ ದಿನ?" ಅಂದೆ.

"ಕೆರೆ ಖಾಲಿ," ಅಂದ ಒಬ್ಬ. ಅವನ ದನಿಯಲ್ಲಿ ಸ್ವಂತ ತೋಟದ ಕಾಳಜಿ ಇತ್ತು.

ಉಳಿದದ್ದನ್ನು ಬೇಗ ಹೇಳಿದೆ. ಎದೆಬಡಿತ, ಬಿಪಿ, ಮೈಬಿಸಿ ಏರುತ್ತೆ. ಹಸಿವು, ನಿದ್ದೆ ಸಾಯುತ್ತೆ. ಅಳತೆ ಮೀರಿದರೆ ಪಾರ್ಶ್ವವಾಯು ಆಗಬಹುದು, ಎದೆಯೇ ನಿಲ್ಲಬಹುದು. ಹಾಗಾದವನನ್ನು ಒಬ್ಬನೇ ಮಲಗಿಸಿ ಬರಬೇಡಿ, 108ಕ್ಕೆ ಫೋನ್ ಮಾಡಿ.

ಹತ್ತನೇ ಕ್ಲಾಸಿನ ಒಬ್ಬಳು ಹುಡುಗಿ ತುಂಬ ಗಂಭೀರವಾಗಿ ಕೇಳಿದಳು. "ನಿದ್ದೆ ಬರಲ್ಲ ಅಂದ್ರೆ ಪರೀಕ್ಷೆಗೆ ಓದೋಕೆ ಆಗುತ್ತಲ್ವಾ?" ಈ ಪ್ರಶ್ನೆ ಅವಳೊಬ್ಬಳದ್ದಲ್ಲ. ದೇಶಗಳೇ ಇದನ್ನು ಕೇಳಿಕೊಂಡಿದ್ದವು. 1893ರಲ್ಲಿ ಜಪಾನಿನ ನಾಗೈ ನಾಗಯೋಷಿ ಅನ್ನೋ ವಿಜ್ಞಾನಿ ಮೆಥ್ ಅನ್ನು ಮೊದಲು ತಯಾರಿಸಿದ್ದು. 1938ರಲ್ಲಿ ಜರ್ಮನಿಯಲ್ಲಿ ಪೆರ್ವಿಟಿನ್ ಹೆಸರಿನ ಮಾತ್ರೆಯಾಗಿ ಅಂಗಡಿಗೆ ಬಂತು. ಯುದ್ಧದಲ್ಲಿ ಸೈನಿಕರು ಎಚ್ಚರವಾಗಿರಲಿ ಅಂತ ಹಂಚಿದರು. ಎಚ್ಚರವಾಗೇನೋ ಇದ್ದರು. ಆಮೇಲೆ ಕುಸಿದು ಬಿದ್ದರು, ಮಾತ್ರೆ ಬಿಡೋಕಾಗದೆ ಒದ್ದಾಡಿದರು. 1941ರಲ್ಲಿ ಜರ್ಮನಿಯೇ ಅದನ್ನು ಅಫೀಮಿನ ಕಾನೂನಿನಡಿ ತಂದಿತು. ಜಪಾನ್ 1951ರಲ್ಲಿ ಕಾನೂನು ಮಾಡಿ ತಡೆಯಬೇಕಾಯ್ತು.

ಆ ಹುಡುಗಿ ತಲೆಯಾಡಿಸಿದಳು. ಆದರೆ ಯುದ್ಧ, ಜರ್ಮನಿ ಎಲ್ಲ ಅವಳಿಗೆ ಸಮಾಜ ವಿಜ್ಞಾನದ ಪಾಠದ ಹಾಗೆ ಕೇಳಿಸಿತೇನೋ. ಹಾಗಾಗಿ ನನ್ನ ಅಕ್ಕನ ಮಗನ ವಿಷಯ ಹೇಳಿದೆ. ಅವನನ್ನು ಕೇಳಿ, ಅವನು "ಹೇಳಿ ಚಿಕ್ಕಿ" ಅಂದ ಮೇಲೆಯೇ ಹೇಳಿದ್ದು. ಇಲ್ಲಿ ಬರೆಯುತ್ತಿರುವುದೂ ಹಾಗೆಯೇ.

ಹೋದ ವರ್ಷದ ಹಿಂದಿನ ಡಿಸೆಂಬರ್. ಅಕ್ಕನ ಮನೆಯಲ್ಲಿ ಅಡಿಕೆ ಕೊಯ್ಲು. ಸುಲಿಯೋಕೆ ಜನ ಸಿಗದೆ ಬಾವ ತಲೆ ಮೇಲೆ ಕೈ ಹೊತ್ತು ಕೂತಿದ್ದರು. ಅದೇ ಹೊತ್ತಿಗೆ ಇವನು ಬೆಂಗಳೂರಿನಿಂದ ಬಂದ. ಇಂಜಿನಿಯರಿಂಗ್ ಎರಡನೇ ವರ್ಷ. ಬ್ಯಾಗಿಟ್ಟವನೇ ಮೆಟ್ಟುಗತ್ತಿ ಮುಂದೆ ಕೂತ. ಮೊದಲೆಲ್ಲ ಅರ್ಧ ಬುಟ್ಟಿಗೇ ಸೊಂಟ ನೋವು ಅಂತ ಏಳುತ್ತಿದ್ದ ಹುಡುಗ. ಅವತ್ತು ರಾತ್ರಿ ಹನ್ನೊಂದಕ್ಕೆ ಸುಲಿಯೋ ಹೆಂಗಸರು ಎದ್ದು ಹೋದರೂ ಇವನು ಏಳಲಿಲ್ಲ. ನಾನು ಬೆಳಗಿನ ಜಾವ ಎದ್ದು ನೋಡಿದರೆ ಅದೇ ಜಾಗದಲ್ಲಿ ಕೂತು ಸುಲೀತಾ ಇದ್ದಾನೆ. ಪಕ್ಕದಲ್ಲಿ ಸಿಪ್ಪೆಯ ರಾಶಿ ಮೊಣಕಾಲಿಗೆ ಬಂದಿತ್ತು. ಮಾರನೇ ರಾತ್ರಿಯೂ ಅಷ್ಟೇ. ಊಟಕ್ಕೆ ಕರೆದರೆ ಬೇಡ.

ನಾವೆಲ್ಲ ಎಷ್ಟು ಹೊಗಳಿದೆವು! "ಮಗ ಜವಾಬ್ದಾರಿ ಕಲಿತ" ಅಂತ ಅಕ್ಕನ ಕಣ್ಣಲ್ಲಿ ನೀರು ಬಂತು.

ಬಾಯಲ್ಲಿ ಎಲೆಯಡಿಕೆ ಇಲ್ಲದಿದ್ದರೂ ಅವನ ದವಡೆ ಆಡುತ್ತಲೇ ಇತ್ತು. ಅದನ್ನು ನಾನು ನೋಡಿದೆ. ಮೊಣಕೈ ಹತ್ತಿರ ಕೆರೆದು ಗಾಯ ಮಾಡಿಕೊಂಡಿದ್ದ. ಅದನ್ನೂ ನೋಡಿದೆ. ಚಳಿಗಾಲದಲ್ಲಿ ನಮ್ಮ ಕಡೆ ಮೈ ಕೆರೆದುಕೊಂಡರೆ ಮೊದಲು ನೆನಪಾಗೋದು ಉಣ್ಣೆ. ರಕ್ತ ಹೀರೋ ಆ ಸಣ್ಣ ಹುಳ ಕಚ್ಚಿದರೆ ಮಂಗನ ಕಾಯಿಲೆಯ ಜ್ವರ ಬರಬಹುದು. ಕ್ಯಾಸನೂರಿನ ಕಾಡಿನಲ್ಲಿ 1957ರಲ್ಲಿ ಕಾಣಿಸಿಕೊಂಡಾಗಿನಿಂದ ಆ ಭಯ ನಮ್ಮನ್ನು ಬಿಟ್ಟಿಲ್ಲ. ನಾನು ಅವನ ಕೈ ಹಿಡಿದು ಬ್ಯಾಟರಿ ಬಿಟ್ಟು ಉಣ್ಣೆ ಹುಡುಕಿದೆ. ಸಿಗಲಿಲ್ಲ. ಜ್ವರ ಇದೆಯಾ ಅಂತ ಹಣೆ ಮುಟ್ಟಿದೆ. ಮೈ ಬಿಸಿ ಇತ್ತು. ರಕ್ತ ಪರೀಕ್ಷೆ ಮಾಡಿಸೋಣ ಅಂದಿದ್ದಕ್ಕೆ ಕೈ ಕಿತ್ತುಕೊಂಡ. ಚರ್ಮದ ಕೆಳಗೆ ಹುಳ ಹರಿದ ಹಾಗೆ ಅನ್ನಿಸೋದು ಈ ಮೆಥ್ ತಗೊಳ್ಳೋರಿಗೆ ಆಗೋ ತೊಂದರೆ. ಅದನ್ನು ವಾರ್ಡಿನಲ್ಲಿ ಹೊಸ ನರ್ಸುಗಳಿಗೆ ನಾನೇ ಹೇಳಿಕೊಟ್ಟಿದ್ದೆ. ನನ್ನ ಕೈಯಲ್ಲೇ ಆ ಕೈ ಇದ್ದಾಗ ತಿಳಿಯಲಿಲ್ಲ. ಮನೆ ಹುಡುಗ ಅಲ್ವಾ, ಆ ಯೋಚನೆ ಹತ್ತಿರವೂ ಸುಳಿಯಲಿಲ್ಲ. ಮೂರನೇ ದಿನ ಮಲಗಿದವನು ಒಂದೂವರೆ ದಿನ ಎದ್ದೇಳಲಿಲ್ಲ. ದಣಿದಿದ್ದಾನೆ, ಮಲಗಲಿ ಅಂತ ಬಾಗಿಲು ಮುಂದೆ ಮಾಡಿ ಬಂದೆವು.

ಫೆಬ್ರವರಿಯಲ್ಲಿ ರಾತ್ರಿ ಮೂರು ಗಂಟೆಗೆ ನನಗೆ ಫೋನ್ ಮಾಡಿದ. "ಚಿಕ್ಕಿ, ಎದುರಿನ ಬಿಲ್ಡಿಂಗ್ ಮೇಲೆ ನಾಲ್ಕು ಜನ ನಿಂತಿದ್ದಾರೆ. ನನ್ನನ್ನೇ ನೋಡ್ತಿದ್ದಾರೆ. ಜೋರಾಗಿ ಮಾತಾಡಬೇಡಿ, ಅವರಿಗೆ ಕೇಳ್ಸುತ್ತೆ." ಆಗ ತಿಳಿಯಿತು. ಬಾವ ಬೆಳಗಾಗುವ ಮುಂಚೆಯೇ ಕಾರು ತೆಗೆದರು. ಮನೆಗೆ ಬಂದ ಮೇಲೂ ನಾಲ್ಕು ದಿನ ಕಿಟಕಿ ಸಂದಿಗೆಲ್ಲ ಪೇಪರ್ ತುರುಕುತ್ತಿದ್ದ.

ಶುರುವಾಗಿದ್ದು ಪರೀಕ್ಷೆಯ ಹಿಂದಿನ ರಾತ್ರಿ. ರೂಮ್‌ಮೇಟ್ ಕೊಟ್ಟಿದ್ದು. "ಅವತ್ತಿನಷ್ಟು ಚುರುಕಾಗಿ ನಾನು ಯಾವತ್ತೂ ಇರ್ಲಿಲ್ಲ ಚಿಕ್ಕಿ. ಕೆಟ್ಟದಾಗಿದ್ದಿದ್ರೆ ಅವತ್ತೇ ಬಿಡ್ತಿದ್ದೆ," ಅಂತ ಆಮೇಲೆ ಹೇಳಿದ. ಈ ಮಾತನ್ನು ಮಕ್ಕಳಿಗೆ ಹಾಗೇ ಹೇಳಿದೆ. ಆ ಹತ್ತನೇ ಕ್ಲಾಸಿನ ಹುಡುಗಿ ಪೆನ್ನು ಕಚ್ಚೋದನ್ನು ನಿಲ್ಲಿಸಿ ನನ್ನನ್ನೇ ನೋಡುತ್ತಿದ್ದಳು.

ಬಿಡೋದು ಹೇಗಿತ್ತು ಅನ್ನೋದನ್ನೂ ಹೇಳಬೇಕಾಗಿತ್ತು. ಕುಡಿತ ಬಿಡಿಸೋಕೆ ಸಹಾಯಕ್ಕೆ ಬರೋ ಮಾತ್ರೆಗಳಿವೆ. ಮೆಥ್ ಚಟಕ್ಕೆ ಅಂತಲೇ ಒಪ್ಪಿಗೆ ಪಡೆದ ಮಾತ್ರೆ ಇಲ್ಲ. ಆಪ್ತಸಲಹೆ, ಹೊತ್ತಿಗೆ ಸರಿಯಾಗಿ ನಿದ್ದೆ, ಊಟ, ಕೈಗೆ ಕೆಲಸ, ಜೊತೆಗೊಬ್ಬರು. ಖಾಲಿಯಾದ ಕೆರೆಗೆ ನೀರು ನಿಧಾನ ಬರುತ್ತೆ, ತಿಂಗಳುಗಟ್ಟಲೆ. ಆ ವರ್ಷ ಮಳೆಗಾಲದಲ್ಲಿ ಅಕ್ಕ ಪತ್ರೊಡೆ ಮಾಡಿ ತಟ್ಟೆಗೆ ಹಾಕಿದರೆ ಸುಮ್ನೆ ನೋಡ್ತಾ ಕೂರುತ್ತಿದ್ದ. ರುಚಿನೇ ಗೊತ್ತಾಗ್ತಿಲ್ಲ ಅಮ್ಮ ಅಂತಿದ್ದ. ನಡುವೆ ಒಮ್ಮೆ ಜಾರಿದ, ಮತ್ತೆ ಎದ್ದ. ಈಗ ತೋಟ ನೋಡಿಕೊಂಡು ಮನೆಯಲ್ಲೇ ಇದ್ದಾನೆ. ಹೋದ ವಾರ ಪತ್ರೊಡೆಗೆ ಉಪ್ಪು ಕಮ್ಮಿ ಅಂದನಂತೆ. ಅದನ್ನು ಹೇಳೋಕೆ ಅಕ್ಕ ನನಗೆ ಫೋನ್ ಮಾಡಿದ್ದಳು.

ಕೊನೆಗೆ ಎಲ್ಲರಿಗೂ ಒಂದೊಂದು ಚೀಟಿ ಕೊಟ್ಟೆ. ಹೆಸರು ಬೇಡ, ಕೇಳೋದು ಏನಿದ್ದರೂ ಬರೆಯಿರಿ. ಏನೂ ಇಲ್ಲದಿದ್ದರೆ 'ಏನೂ ಇಲ್ಲ' ಅಂತ ಬರೆಯಿರಿ. ಹಾಗೆ ಮಾಡಿದರೆ ಎಲ್ಲರ ಪೆನ್ನೂ ಓಡುತ್ತೆ, ಯಾರು ಬರೆದರು ಅಂತ ತಿಳಿಯಲ್ಲ. ಸುಮಾರು ಚೀಟಿಗಳು 'ಏನೂ ಇಲ್ಲ'. ಕೆಲವು ಗಾಂಜಾ ಬಗ್ಗೆ, ಒಂದು ಅಪ್ಪನ ಕುಡಿತದ ಬಗ್ಗೆ. ಒಂದರಲ್ಲಿ ಸಣ್ಣ ಅಕ್ಷರದಲ್ಲಿ ಹೀಗಿತ್ತು: "ನಮ್ಮನೇಲಿ ಒಬ್ಬರು ತಗೊಳ್ತಾರೆ. ಹೇಳಿದ್ರೆ ಪೊಲೀಸರು ಹಿಡ್ಕೊಂಡು ಹೋಗ್ತಾರಾ?"

ನಾನು ಯಾರ ಮುಖವನ್ನೂ ನೋಡದೆ, ಚೀಟಿಯನ್ನೇ ನೋಡಿಕೊಂಡು ಉತ್ತರ ಹೇಳಿದೆ. ಮಾರೋದಕ್ಕೆ ಶಿಕ್ಷೆ ಜೋರಾಗಿದೆ. ಮೆಥ್ 50 ಗ್ರಾಂಗಿಂತ ಜಾಸ್ತಿ ಸಿಕ್ಕರೆ ಕಮ್ಮಿ ಅಂದರೂ 10 ವರ್ಷ ಜೈಲು. ಆದರೆ ಚಟಕ್ಕೆ ಬಿದ್ದು ಒದ್ದಾಡುತ್ತಿರೋರನ್ನು ಅದೇ 1985ರ ಮಾದಕ ವಸ್ತುಗಳ ಕಾನೂನು ಬೇರೆಯಾಗಿ ನೋಡುತ್ತೆ. ಅದರಲ್ಲಿ 64ಎ ಅಂತ ಒಂದು ಕಲಂ ಇದೆ. ಸೇವನೆ ಅಥವಾ ಸಣ್ಣ ಪ್ರಮಾಣದ ಕೇಸಿದ್ದರೂ, ತಾವಾಗಿಯೇ ಮುಂದೆ ಬಂದು ಸರ್ಕಾರಿ ಅಥವಾ ಸರ್ಕಾರ ಮಾನ್ಯ ಮಾಡಿದ ಆಸ್ಪತ್ರೆಯಲ್ಲಿ ಚಿಕಿತ್ಸೆ ಪಡೆದರೆ ಅವರಿಗೆ ರಕ್ಷಣೆ ಇದೆ. ಚಿಕಿತ್ಸೆ ಅರ್ಧಕ್ಕೆ ಬಿಟ್ಟರೆ ಆ ರಕ್ಷಣೆ ಹೋಗಬಹುದು. ಆಸ್ಪತ್ರೆಗೆ ಬರೋ ಮುಂಚೆ ಮಾತಾಡಬೇಕು ಅಂದರೆ 14446ಕ್ಕೆ ಫೋನ್ ಮಾಡಬಹುದು, ದುಡ್ಡು ಬೀಳಲ್ಲ. ಮನೆಯವರೂ ಮಾಡಬಹುದು. ಆ ನಂಬರನ್ನು ಬೋರ್ಡಿನ ಮೇಲೆ ದೊಡ್ಡದಾಗಿ ಬರೆದೆ. ಬರೆದುಕೊಳ್ಳಿ ಅಂತ ಹೇಳಲಿಲ್ಲ. ಯಾರು ಬರೆದುಕೊಂಡರು ಅಂತ ಪಕ್ಕದವರಿಗೆ ಕಾಣಬಾರದಲ್ಲ.

ಬಸ್ಸಿಗೆ ಇನ್ನೂ ಹೊತ್ತಿತ್ತು. ರಸ್ತೆ ಬದಿಯ ಬಸ್ ಶೆಲ್ಟರಿನಲ್ಲಿ ನಿಂತಿದ್ದೆ. ಮಳೆ ಸ್ವಲ್ಪ ಕಮ್ಮಿಯಾಗಿತ್ತು. ಒಂದು ಮಗು ಬಂದು ಪಕ್ಕದಲ್ಲಿ ನಿಂತಿತು. ಹುಡುಗನೋ ಹುಡುಗಿಯೋ ಅಂತ ಇಲ್ಲಿ ಬರೆಯಲ್ಲ. ಕೊಡೆ ಮಡಚಿ, ಮತ್ತೆ ಬಿಚ್ಚಿ, ಮತ್ತೆ ಮಡಚಿತು.

"ಸಿಸ್ಟರ್, ನೀವು ಶಿವಮೊಗ್ಗದಲ್ಲಿ ಯಾವ ದಿನ ಇರ್ತೀರಿ?"

"ಭಾನುವಾರ ಬಿಟ್ಟು ದಿನಾ ಇರ್ತೀನಿ."

"ಬೆಳಿಗ್ಗೆ ಎಷ್ಟೊತ್ತಿಗೆ ಬರ್ಬೇಕು?"

"ಒಂಬತ್ತಕ್ಕೆ ಚೀಟಿ ಮಾಡ್ತಾರೆ."

ಸ್ವಲ್ಪ ಹೊತ್ತು ಸುಮ್ಮನಿತ್ತು. ಮನಸ್ಸಿನಲ್ಲೇ ಏನೋ ಲೆಕ್ಕ ಹಾಕುತ್ತಿತ್ತು.

"ಆರೂಮುಕ್ಕಾಲಿನ ಬಸ್ಸಿಗೆ ಹೊರಟ್ರೆ ಆಗುತ್ತಾ? ಅವ್ನು ಬೇಗ ಏಳಲ್ಲ. ಆದ್ರೆ ನಾನು ಕರ್ದ್ರೆ ಬರ್ತಾನೆ."

"ಆಗುತ್ತೆ," ಅಂದೆ. "ತಡ ಆದ್ರೂ ಬನ್ನಿ. ನಾನು ಬಾಗಿಲ ಹತ್ರನೇ ಇರ್ತೀನಿ."