ಕೈಗೆ ಮೆತ್ತಿದ ಎರೆ ಮಣ್ಣು

ಡ್ರಾಯಿಂಗ್ ಸರ್ ಫೋನ್ ಮಾಡಿದಾಗ ನನ್ನ ಎರಡೂ ಕೈಗೆ ಎರೆ ಮಣ್ಣು ಮೆತ್ತಿತ್ತು. ಮಾರನೇ ದಿನ ಮಣ್ಣೆತ್ತಿನ ಅಮಾವಾಸ್ಯೆ. ತಂಗಿ ಫೋನನ್ನು ನನ್ನ ಕಿವಿಗೆ ಹಿಡಿದುಕೊಂಡು ನಿಂತಳು.

"ಶಾಲೆಯ ಸಂಚಿಕೆ ತರಾಕತ್ತೀವಿ. ಹಳೇ ವಿದ್ಯಾರ್ಥಿಗಳ ನೆನಪು ಅಂತ ನೀನೂ ಒಂದು ಬರಿಯವ್ವ" ಅಂದರು.

"ಏನು ಬರೀಲಿ ಸರ್?"

"ಈಗ ಏನ್ ಮಾಡಾಕತ್ತಿ?"

"ಎತ್ತು ಮಾಡಾಕತ್ತೀನ್ರಿ."

"ಹಂಗಾದ್ರ ಅದನ್ನೇ ಬರಿ."

ನಾನು ಈಗ ಕೊಪ್ಪಳದಲ್ಲಿ ಬಿ.ಎಡ್. ಕೊನೆಯ ಸೆಮಿಸ್ಟರ್ ಓದುತ್ತಿದ್ದೇನೆ. ವಿಜ್ಞಾನ ನನ್ನ ವಿಷಯ. ಟೀಚರ್ ಆಗಬೇಕು ಅನ್ನುವ ಆಸೆ ಹುಟ್ಟಿದ್ದು ಮಾತ್ರ ನಮ್ಮ ಶಾಲೆಯ ಎಂಟನೇ ತರಗತಿಯಲ್ಲಿ, ಒಂದು ಮುರಿದ ಮಣ್ಣಿನ ಎತ್ತಿನಿಂದ. ಅದನ್ನು ಹೇಳಬೇಕಾದರೆ ಮೊದಲು ನಮ್ಮ ಅಮ್ಮನ ಬಗ್ಗೆ ಹೇಳಬೇಕು.

ನಮ್ಮ ಮನೆಯಲ್ಲಿ ತಾಯಿಗೆ ಅವ್ವ, ಅಜ್ಜಿಗೆ ಅಮ್ಮ ಅಂತೀವಿ. ಅಮ್ಮನಿಗೆ ಓದು ಬರಹ ಬರುತ್ತಿರಲಿಲ್ಲ. ಮಣ್ಣಿನ ಗುಣ ಮಾತ್ರ ಚೆನ್ನಾಗಿ ಗೊತ್ತಿತ್ತು. ಎರೆ ಮಣ್ಣು ನೀರು ಕುಡಿದರೆ ಉಬ್ಬುತ್ತದೆ, ಒಣಗಿದರೆ ಕುಗ್ಗುತ್ತದೆ. ಬೇಸಿಗೆಯಲ್ಲಿ ನಮ್ಮ ಹೊಲ ಕೈ ತೂರುವಷ್ಟು ಬಿರುಕು ಬಿಡುತ್ತಿತ್ತು. ಅಂಥ ಮಣ್ಣಲ್ಲಿ ಎತ್ತು ಮಾಡಿ ಸುಮ್ನೆ ಬಿಸಿಲಿಗೆ ಇಟ್ಟರೆ ಸಂಜೆಯೊಳಗೆ ಅದರ ಬೆನ್ನು ಸೀಳುತ್ತದೆ. ಅದಕ್ಕೆ ಅಮ್ಮ ಮೊದಲು ಮಣ್ಣನ್ನು ಜರಡಿ ಹಿಡಿಯುತ್ತಿದ್ದಳು. ಹರಳು, ಬೇರು ಎಲ್ಲ ತೆಗೆದು ರಾತ್ರಿಯಿಡೀ ನೆನೆಸುತ್ತಿದ್ದಳು. ಬೆಳಿಗ್ಗೆ ಒಂದು ಹಿಡಿ ಅರಳೆ ತಗೊಂಡು ಎಳೆ ಎಳೆಯಾಗಿ ಬಿಡಿಸಿ ಅದಕ್ಕೆ ಸೇರಿಸಿ, ರೊಟ್ಟಿ ಹಿಟ್ಟಿನ ಹಾಗೆ ಅಂಗೈಯಿಂದ ಒತ್ತಿ ಒತ್ತಿ ನಾದುತ್ತಿದ್ದಳು. ಮಣ್ಣು ಬೆರಳಿಗೆ ಅಂಟುವುದು ಬಿಟ್ಟ ಮೇಲೆಯೇ ಎತ್ತಿಗೆ ಕೈ ಹಾಕುವುದು.

"ಕಾಲು ಬ್ಯಾರೆ ಮಾಡಿ ಹಚ್ಚಬ್ಯಾಡ, ಮೈಯಿಂದನ ಎಳಿ" ಅನ್ನುತ್ತಿದ್ದಳು. ಬೇರೆ ಮಾಡಿ ಅಂಟಿಸಿದ ಕಾಲು ಒಣಗುವಾಗ ಕಳಚಿಕೊಳ್ಳುತ್ತದೆ. ಒಂದೇ ಮುದ್ದೆಯಿಂದ ನಾಲ್ಕು ಕಾಲು ಎಳೆಯಬೇಕು, ಹಿಣಿಲು ಎತ್ತಬೇಕು, ಕತ್ತಿನ ಕೆಳಗೆ ಗಂಗೆದೊಗಲನ್ನು ಚಿವುಟಿ ತೆಗೆಯಬೇಕು. ಕೋಡಿನೊಳಗೆ ಒಂದು ಕಡ್ಡಿಯ ಚೂರು. ಕಣ್ಣಿಗೆ ಗುಲಗಂಜಿ, ಕಪ್ಪು ಚುಕ್ಕೆ ಮುಂದಕ್ಕೆ ಬರುವ ಹಾಗೆ. ಆ ಎರಡು ಗುಲಗಂಜಿ ಒತ್ತಿದ ಕೂಡಲೇ ಎತ್ತು ನಮ್ಮನ್ನು ನೋಡೋಕೆ ಶುರು ಮಾಡುತ್ತಿತ್ತು. ಎತ್ತಿನ ಜೋಡಿ ಆದ ಮೇಲೆ ಗ್ವಾದಲಿ, ಅಂದರೆ ಎತ್ತಿಗೆ ಮೇವು ಹಾಕುವ ತೊಟ್ಟಿ. ಎಲ್ಲ ನೆರಳಲ್ಲೇ ಒಣಗಬೇಕು. ಅಮಾವಾಸ್ಯೆಯ ದಿನ ಪೂಜೆ, ಹೋಳಿಗೆ. ಮರುದಿನ ನಾವು ಮಕ್ಕಳೆಲ್ಲ ಒಂದು ಕುಂಟೆತ್ತು ಮಾಡಿಕೊಂಡು, ಹಾಡುತ್ತಾ ಮನೆ ಮನೆಗೆ ಹೋಗಿ ಜೋಳ ಕೇಳುತ್ತಿದ್ದೆವು.

ಎಂಟನೇ ತರಗತಿಗೆ ನಮ್ಮ ಶಾಲೆಗೆ ಸೇರಿದ ವರ್ಷ ಒಂದು ಎತ್ತನ್ನು ಪುಸ್ತಕದ ಚೀಲದಲ್ಲಿ ಇಟ್ಟುಕೊಂಡು ಬಂದೆ. ಹೊಸ ಗೆಳತಿಯರಿಗೆ ತೋರಿಸಬೇಕು ಅಂತ ಆಸೆ. ಬಸ್ಸಿನ ನೂಕುನುಗ್ಗಲಲ್ಲಿ ಅದರ ಮುಂಗಾಲು ಮುರಿಯಿತು. ಡ್ರಾಯಿಂಗ್ ಕ್ಲಾಸಿನಲ್ಲಿ ತೆಗೆದು ನೋಡಿ ಅತ್ತುಬಿಟ್ಟೆ. ಸರ್ ಬಂದು ಎತ್ತನ್ನೂ ಮುರಿದ ಕಾಲನ್ನೂ ಕೈಗೆ ತಗೊಂಡರು. ಸಮಾಧಾನದ ಮಾತು ಏನೂ ಆಡಲಿಲ್ಲ. ಮುರಿದ ಜಾಗವನ್ನು ಕಿಟಕಿಯ ಬೆಳಕಿಗೆ ಹಿಡಿದು ಬಹಳ ಹೊತ್ತು ನೋಡಿದರು. ಕಪ್ಪು ಮಣ್ಣಿನೊಳಗಿಂದ ಬಿಳಿ ಬಿಳಿ ಎಳೆ ಹೊರಗೆ ಬಂದಿದ್ದವು.

"ಇದರಾಗ ಅರಳಿ ಹಾಕೋದನ್ನ ಯಾರು ಕಲಿಸಿದ್ರು?"

"ನಮ್ಮ ಅಮ್ಮ ರೀ."

"ನಾಳೆ ಇಡೀ ಕ್ಲಾಸಿಗೆ ನೀನು ಕಲಿಸು."

ಆ ರಾತ್ರಿ ನನಗೆ ನಿದ್ದೆ ಬರಲಿಲ್ಲ. ಮರುದಿನ ಅಪ್ಪ ಒಂದು ಬುಟ್ಟಿ ಮಣ್ಣನ್ನು ಶಾಲೆಯ ಗೇಟಿನ ತನಕ ತಂದುಕೊಟ್ಟ. ನಾನು ಬೋರ್ಡಿನ ಮುಂದೆ ನಿಂತು, ಅಮ್ಮ ಹೇಳಿದ್ದನ್ನೆಲ್ಲ ಬಾಯಿಪಾಠದ ಹಾಗೆ ಹೇಳಿದೆ. ಯಾರಿಗೂ ತಿಳಿಯಲಿಲ್ಲ. ಕಾಲು ಅಂಟಿಸಿದವರೇ ಜಾಸ್ತಿ. ಆಮೇಲೆ ಸರ್ ಕಣ್ಸನ್ನೆ ಮಾಡಿದರು. ನಾನು ಕೆಳಗೆ ಇಳಿದು ಸಾಲು ಸಾಲಿಗೆ ಹೋಗಿ, ಪಕ್ಕದಲ್ಲಿ ಕೂತು, ಅವರ ಕೈ ಹಿಡಿದು ಕಾಲು ಎಳೆಯುವುದನ್ನು ತೋರಿಸಿದೆ. ಹಿಂದಿನ ಬೆಂಚಿನಲ್ಲಿ ಒಬ್ಬ ಹುಡುಗ ಇದ್ದ, ಹಾಜರಿ ಕರೆದಾಗ ಬಿಟ್ಟರೆ ಬಾಯಿ ಬಿಡುತ್ತಿರಲಿಲ್ಲ. ಅವನು ಎತ್ತು ಮಾಡಲೇ ಇಲ್ಲ. ಗ್ವಾದಲಿ ಮಾಡಿ, ಅದರೊಳಗೆ ಮಣ್ಣಿನಲ್ಲೇ ಸಣ್ಣ ಸಣ್ಣ ಮೇವಿನ ಎಳೆ ತೀಡಿ ಇಟ್ಟಿದ್ದ. ಗಂಟೆ ಹೊಡೆದ ಮೇಲೂ ಎದ್ದಿರಲಿಲ್ಲ. ಅವನ ಮುಖದಲ್ಲಿ ಅವತ್ತು ಕಂಡ ಖುಷಿಯನ್ನು ಇನ್ನೊಂದು ಸಲ ಎಲ್ಲಾದರೂ ನೋಡಬೇಕು ಅನ್ನಿಸಿತು. ನಾನು ಟೀಚರ್ ಆಗುತ್ತೇನೆ ಅಂತ ಮನೆಯಲ್ಲಿ ಹೇಳಿದ್ದು ಅವತ್ತೇ ಸಂಜೆ.

ಪ್ರತಿಭಾ ಕಾರಂಜಿಯ ಕ್ಲೇ ಮಾಡಲಿಂಗ್‌ನಲ್ಲಿ ತಾಲ್ಲೂಕಿಗೆ ಎರಡನೇ ಸ್ಥಾನ ಬಂತು. ಅದರ ಸರ್ಟಿಫಿಕೇಟ್ ಮನೆಯಲ್ಲಿದೆ.

ಒಂಬತ್ತನೇ ತರಗತಿಯಲ್ಲಿ ಸರ್ ನಮ್ಮನ್ನು ಕಿನ್ನಾಳಕ್ಕೆ ಕರೆದುಕೊಂಡು ಹೋದರು. ಕೊಪ್ಪಳದಲ್ಲಿದ್ದುಕೊಂಡೂ ಕಿನ್ನಾಳ ನೋಡದ ಮಕ್ಕಳು ಈಗಲೂ ಎಷ್ಟೋ ಜನ ಇದ್ದಾರೆ. ನೀವೂ ನೋಡಿರದಿದ್ದರೆ ಈ ವರ್ಷವೇ ಹೋಗಿ ಬನ್ನಿ. ಬಸ್ಸಿನಲ್ಲಿ ಅರ್ಧ ಗಂಟೆಯ ದಾರಿ ಅಷ್ಟೇ. ಅಲ್ಲಿಯ ಚಿತ್ರಗಾರ ಮನೆತನದವರು ಮರದ ಗೊಂಬೆ ಮಾಡುತ್ತಾರೆ. ಗೌರಿ, ಗರುಡ, ಕಾಮ-ರತಿ, ಪ್ರಾಣಿಗಳು, ಹಣ್ಣು ತರಕಾರಿ ಕೂಡ. ಹಂಪಿಯ ವಿರೂಪಾಕ್ಷ ಗುಡಿಯ ಛಾವಣಿಯ ಚಿತ್ರ ಬರೆದವರು ಇವರ ಹಿರಿಯರೇ ಅಂತ ಹೇಳುತ್ತಾರೆ. ಈ ಗೊಂಬೆಗಳಿಗೆ ಜಿಐ, ಅಂದರೆ ಭೌಗೋಳಿಕ ಸೂಚಿಯ ಮಾನ್ಯತೆಯೂ ಇದೆ.

ನಾವು ಹೋದ ಮನೆಯಲ್ಲಿ ಒಬ್ಬರು ಅಜ್ಜ ಕಟ್ಟೆಯ ಮೇಲೆ ಕೂತು ಕೆಲಸ ಮಾಡುತ್ತಿದ್ದರು. ಬಾಗಿಲ ಹತ್ತಿರವೇ ಹುಣಸೆ ಬೀಜ ಅರೆದ ವಾಸನೆ. ಪೊಳಕಿ ಅನ್ನುವ ಹಗುರ ಮರದಲ್ಲಿ ಮೈ, ಕೈ, ಕಾಲು ಬೇರೆ ಬೇರೆ ಕೆತ್ತಿ ಜೋಡಿಸುತ್ತಾರೆ. ಗೋಣಿ ಚೂರುಗಳನ್ನು ನೆನೆಸಿ, ಒಣಗಿಸಿ, ಪುಡಿ ಮಾಡಿ, ಮರದ ಹೊಟ್ಟು ಮತ್ತು ಹುಣಸೆ ಬೀಜದ ಅಂಟು ಸೇರಿಸಿ ನಾದಿದರೆ ಕಿಟ್ಟ ಆಗುತ್ತದೆ. ಅದನ್ನು ಗೊಂಬೆಯ ಮೈಗೆಲ್ಲ ಕೈಯಿಂದಲೇ ಬಳಿಯುತ್ತಾರೆ. ಅದರ ಮೇಲೆ ಆ ಅಜ್ಜ ಏನು ಅಂಟಿಸಿದರು ಗೊತ್ತಾ? ಅರಳೆ! ಸಣ್ಣ ಸಣ್ಣ ಅರಳೆಯ ತುಂಡು, ಹುಣಸೆ ಅಂಟಿನಲ್ಲಿ. ನನಗೆ ಮೈ ಜುಮ್ ಅಂದಿತು. ಕಿನ್ನಾಳವನ್ನು ಎಂದೂ ನೋಡದ ನಮ್ಮ ಅಮ್ಮನ ಕೈಗೂ ಈ ಅಜ್ಜನ ಕೈಗೂ ಅದೇ ವಿದ್ಯೆ ಹೇಗೆ ಬಂತು? ಆ ಪ್ರಶ್ನೆಯನ್ನು ನೋಟ್‌ಬುಕ್ಕಿನ ಕೊನೆಯ ಹಾಳೆಯಲ್ಲಿ ಬರೆದುಕೊಂಡಿದ್ದೆ.

ಅರಳೆಯ ಮೇಲೆ ಕಲ್ಲಿನ ಪುಡಿಯ ಲೇಪ, ಆಮೇಲೆ ಬಣ್ಣ. ಒಡವೆಗಳನ್ನು ಅದೇ ಕಲ್ಲಿನ ಪುಡಿಗೆ ಅಂಟು ಸೇರಿಸಿ ಉಬ್ಬಿಸಿ ಬರೆಯುತ್ತಾರೆ. ಅಜ್ಜ ಗೌರಿಯ ಕತ್ತಿನ ಸರದ ಒಂದೊಂದೇ ಮಣಿ ಇಡುವಾಗ ನಾವು ಉಸಿರು ಹಿಡಿದು ನಿಂತಿದ್ದೆವು. ಯಾರೋ ಒಬ್ಬಳು "ಅಜ್ಜಾರ, ಒಂದು ಮಣಿ ಸೊಟ್ಟ ಆದ್ರ?" ಅಂತ ಕೇಳಿದಳು. "ಒರೆಸಿ ಮತ್ತ ಇಡೋದವ್ವ" ಅಂದರು, ತಲೆ ಎತ್ತದೆ.

ಆಮೇಲಿನ ವರ್ಷಗಳನ್ನು ಬೇಗ ಹೇಳಿ ಮುಗಿಸುತ್ತೇನೆ. ಪಿಯುಸಿ ಸೈನ್ಸ್, ಬಿ.ಎಸ್ಸಿ. ಒಬ್ಬ ಲೆಕ್ಚರರ್ ನನ್ನ ಪ್ರಾಕ್ಟಿಕಲ್ ಪುಸ್ತಕದ ಅಂಚಿನಲ್ಲಿದ್ದ ಚಿತ್ರ ನೋಡಿ, ಇದರಿಂದ ಮಾರ್ಕ್ಸ್ ಬರುತ್ತಾ ಅಂತ ಎಲ್ಲರ ಎದುರು ಕೇಳಿದರು. ಅದು ನನಗೆ ಬಹಳ ನೋವಾಯಿತು. ನಾಲ್ಕು ವರ್ಷ ಮಣ್ಣು ಮುಟ್ಟಲಿಲ್ಲ. ಆ ನಡುವೆ ಅಮ್ಮ ತೀರಿಕೊಂಡಳು. ಕೈ ಸುಮ್ನೆ ಇರದೆ ಅವ್ವನ ಜೊತೆ ಕೌದಿ ಹೊಲಿಯೋಕೆ ಕೂತೆ. ಹಳೆ ಸೀರೆ, ಅಪ್ಪನ ಧೋತರ, ನಮ್ಮ ಯೂನಿಫಾರ್ಮಿನ ನೀಲಿ ಚೂರು. ಅಂಚಿನಿಂದ ಒಳಕ್ಕೆ ಹೊಲಿಯುತ್ತಾ ಬರಬೇಕು, ಹೊಲಿಗೆ ಹೊಲಿಗೆಯ ನಡುವಿನ ಅಂತರ ಅಕ್ಕಿ ಕಾಳಿನಷ್ಟೇ ಇರಬೇಕು. ಅಮ್ಮನ ಎರಡು ಇಲಕಲ್ ಸೀರೆ ಸೇರಿದ ಕೌದಿ ಈಗ ನನ್ನ ಹಾಸ್ಟೆಲ್ ಮಂಚದ ಮೇಲಿದೆ.

ಬಿ.ಎಡ್. 2015ರಿಂದ ಎರಡು ವರ್ಷದ ಕೋರ್ಸ್ ಆಗಿದೆ. ಅದರಲ್ಲಿ ಶಿಕ್ಷಣದಲ್ಲಿ ನಾಟಕ ಮತ್ತು ಕಲೆ ಅಂತ ಒಂದು ವಿಷಯವೇ ಇದೆ. ಸಿಲಬಸ್ಸಿನಲ್ಲಿ ಅದನ್ನು ನೋಡಿದ ದಿನವೇ ಊರಿಗೆ ಹೋಗಿ ಮಣ್ಣು ತಂದೆ. ಜೊತೆಯವರು ಕೇಳಿದರು, ಸೈನ್ಸ್ ಟೀಚರ್‌ಗೆ ಇದೆಲ್ಲ ಯಾಕೆ ಅಂತ. ಅವರಿಗೆ ಇಂಟರ್ನ್‌ಶಿಪ್‌ನಲ್ಲಿ ನಡೆದದ್ದನ್ನು ಹೇಳುತ್ತೇನೆ.

ಕುಕನೂರು ಕಡೆಯ ಒಂದು ಸರ್ಕಾರಿ ಶಾಲೆ. ಆರನೇ ತರಗತಿಗೆ ನೆರಳಿನ ಪಾಠ. ವಸ್ತುವಿನ ಬಣ್ಣ ಯಾವುದೇ ಇರಲಿ, ನೆರಳು ಕಪ್ಪೇ ಅಂತ ಕಲಿಸಬೇಕಿತ್ತು. ನಾನು ರಟ್ಟಿನಲ್ಲಿ ಒಂದು ಎತ್ತು ಕತ್ತರಿಸಿ ಅದಕ್ಕೆ ಕೆಂಪು ಬಳಿದೆ. ಬಾಗಿಲಿಗೆ ಬಿಳಿ ಧೋತರ ಕಟ್ಟಿ ಹಿಂದಿನಿಂದ ಮೊಬೈಲ್ ಟಾರ್ಚ್ ಬಿಟ್ಟೆ. ಎತ್ತಿನ ನೆರಳು ಕಪ್ಪಗೆ ಬಂತು. ಮಕ್ಕಳು ಒಪ್ಪಿಕೊಂಡರು. ಆಗ ಮುಂದಿನ ಸಾಲಿನ ಹುಡುಗಿ ಎದ್ದು ನಿಂತಳು.

"ಟೀಚರ್, ನಮ್ಮೂರಾಗ ತೊಗಲುಗೊಂಬಿ ಆಡಿಸಿದ್ರಲ್ರಿ, ಅದರ ನೆಳ್ಳಿಗೆ ಬಣ್ಣ ಇತ್ತು!"

ಎಂಥ ಪ್ರಶ್ನೆ ಅಲ್ವಾ? ಪುಸ್ತಕದಲ್ಲಿ ಓದಿದ್ದನ್ನೂ ಊರ ಜಾತ್ರೆಯಲ್ಲಿ ಕಂಡದ್ದನ್ನೂ ಆ ಹುಡುಗಿ ಎದುರು ಬದುರು ನಿಲ್ಲಿಸಿದ್ದಳು. ನಾನು ಉತ್ತರ ಹೇಳಲಿಲ್ಲ. ನಾಳೆ ನಾವೇ ಮಾಡಿ ನೋಡೋಣ ಅಂದೆ. ಆ ರಾತ್ರಿ ಎತ್ತಿನ ರಟ್ಟಿನ ಹೊಟ್ಟೆಯನ್ನು ಕತ್ತರಿಸಿ ತೆಗೆದು, ಅಲ್ಲಿ ಬಣ್ಣದ ಜಿಲೆಟಿನ್ ಕಾಗದ ಅಂಟಿಸಿದೆ. ಕತ್ತಿಗೆ ಗೆಜ್ಜೆಪಟ್ಟಿಯ ಹಾಗೆ ಸೂಜಿಯಿಂದ ಸಾಲಾಗಿ ತೂತು ಹೊಡೆದೆ. ಮರುದಿನ ಧೋತರದ ಮೇಲೆ ಹಸಿರು ಹೊಟ್ಟೆಯ ಎತ್ತು ನಿಂತಾಗ ಮಕ್ಕಳು ಹೋ ಅಂತ ಕೂಗಿದರು. ತೂತುಗಳಿಂದ ಬೆಳಕಿನ ಚುಕ್ಕೆಗಳು ಮಣಿಸರದ ಹಾಗೆ ಹೊಳೆದವು.

ರಟ್ಟು ಬೆಳಕನ್ನು ಪೂರ್ತಿ ತಡೆಯುತ್ತದೆ. ಬೆಳಕು ತಲುಪದ ಜಾಗವೇ ಕಪ್ಪು ನೆರಳು. ಹದ ಮಾಡಿದ ಆಡಿನ ತೊಗಲು ಅರೆಪಾರದರ್ಶಕ. ಅದರ ಮೂಲಕ ಸ್ವಲ್ಪ ಬೆಳಕು ದಾಟುತ್ತದೆ, ದಾಟುವಾಗ ತೊಗಲಿನ ಬಣ್ಣವನ್ನು ಹೊತ್ತುಕೊಂಡು ಬರುತ್ತದೆ. ಇದನ್ನು ಮಕ್ಕಳೇ ತಮ್ಮ ಮಾತಲ್ಲಿ ಹೇಳಿದರು. ಆಮೇಲೆ ಇನ್ನೊಂದು ಕಂಡುಹಿಡಿದರು. ಎತ್ತನ್ನು ಬಟ್ಟೆಯಿಂದ ದೂರ, ಟಾರ್ಚಿನ ಹತ್ತಿರ ಒಯ್ದರೆ ಅದು ದೊಡ್ಡದಾಗುತ್ತದೆ, ಅಂಚು ಮಸುಕಾಗುತ್ತದೆ. "ಅದಕ್ಕ ಗೊಂಬಿ ಆಡಿಸೋರು ಪರದೆಗೆ ಒತ್ತಿ ಹಿಡಿತಾರ ರೀ ಟೀಚರ್!" ಅಂದ ಒಬ್ಬ ಹುಡುಗ. ಪಾಠಯೋಜನೆಯಲ್ಲಿ ನಾನು ಅದನ್ನು ಬರೆದಿರಲೇ ಇಲ್ಲ.

ನಮ್ಮ ಕೊಪ್ಪಳ ಜಿಲ್ಲೆಯ ಮೊರನಾಳದ ಭೀಮವ್ವ ದೊಡ್ಡಬಾಳಪ್ಪ ಶಿಳ್ಳೆಕ್ಯಾತರ ಅವರಿಗೆ 2025ರಲ್ಲಿ ಪದ್ಮಶ್ರೀ ಬಂತು. ತೊಂಬತ್ತು ದಾಟಿದ ಆ ಅಜ್ಜಿ ಜೀವನ ಪೂರ್ತಿ ತೊಗಲುಗೊಂಬೆ ಆಡಿಸಿದವರು. ಪೇಪರಿನಲ್ಲಿ ಅವರ ಫೋಟೊ ನೋಡಿದಾಗ ನನಗೆ ನಮ್ಮ ಅಮ್ಮ ನೆನಪಾದಳು. ಆ ಫೋಟೊ ಕತ್ತರಿಸಿ ನನ್ನ ಪಾಠಯೋಜನೆ ಪುಸ್ತಕದ ಮೊದಲ ಪುಟಕ್ಕೆ ಅಂಟಿಸಿದ್ದೇನೆ.

ಈಗ ಟಿಇಟಿಗೆ, ಅಂದರೆ ಶಿಕ್ಷಕರ ಅರ್ಹತಾ ಪರೀಕ್ಷೆಗೆ ಓದುತ್ತಿದ್ದೇನೆ. 150 ಪ್ರಶ್ನೆ, 150 ಅಂಕ. ಎಲ್ಲರೂ ಹೇಳುವುದು ಒಂದೇ, ನೌಕರಿ ಸಿಗುವ ತನಕ ಮಣ್ಣು, ಕೌದಿ ಎಲ್ಲ ಬದಿಗಿಡು ಅಂತ. ಅವರ ಕಾಳಜಿ ನನಗೆ ಅರ್ಥವಾಗುತ್ತದೆ. ಆದರೆ ಒಂದು ಸಲ ಬದಿಗಿಟ್ಟು ನೋಡಿದ್ದೇನೆ, ಆ ನಾಲ್ಕು ವರ್ಷ ನಾನು ನಾನಾಗಿರಲಿಲ್ಲ. ಅದಕ್ಕೆ ದಿನಾ ರಾತ್ರಿ ಊಟದ ನಂತರ ಅರ್ಧ ಗಂಟೆ ಕೈಕೆಲಸಕ್ಕೆ ಇಟ್ಟಿದ್ದೇನೆ. ಈ ವಾರ ಮಕ್ಕಳಿಗಾಗಿ ಮಣ್ಣಿನಲ್ಲಿ ಹೃದಯದ ನಾಲ್ಕು ಕೋಣೆ ಮಾಡುತ್ತಿದ್ದೇನೆ. ಕವಾಟಗಳು ಇನ್ನೂ ಸರಿಯಾಗಿ ಕೂರುತ್ತಿಲ್ಲ. ಒರೆಸಿ ಮತ್ತೆ ಇಡುತ್ತಿದ್ದೇನೆ.

ಪರೀಕ್ಷೆ ಮುಗಿದ ಮೇಲೆ ಮೊದಲ ಶನಿವಾರ ಶಾಲೆಗೆ ಬರುತ್ತೇನೆ ಅಂತ ಸರ್‌ಗೆ ಮಾತು ಕೊಟ್ಟಿದ್ದೇನೆ. ಎಂಟನೇ ತರಗತಿಯವರು ತಯಾರಾಗಿರಿ. ಎರಡು ಚೀಲ ಎರೆ ಮಣ್ಣು ನಮ್ಮ ಹೊಲದಿಂದ ನಾನೇ ತರುತ್ತೇನೆ. ಅರಳೆ, ಗುಲಗಂಜಿ ನಿಮ್ಮ ನಿಮ್ಮ ಮನೆಯಿಂದ ತನ್ನಿ. ಜರಡಿ ಶಾಲೆಯಲ್ಲೇ ಇದೆ. ಡ್ರಾಯಿಂಗ್ ರೂಮಿನ ಬೀರುವಿನ ಹಿಂದೆ, ಗೋಡೆಗೆ ಒರಗಿಸಿ ಇಟ್ಟಿದ್ದೆ.